ತಂಗಳು ಬ್ರೆಡ್ಡು ಮತ್ತು ಬೇಕರಿಯವನ ನಿದ್ದೆ

ಕನ್ನಡದಲ್ಲಿ ಫ್ರಿಜ್ಜಿಗೆ ತಮಾಷೆಯಾಗಿ 'ತಂಗಳು ಪೆಟ್ಟಿಗೆ' ಎನ್ನುವುದುಂಟು. ತಂಗಳು ಎಂದಾಗ ರಾತ್ರಿ ತಂಗಿದ್ದು ಎಂಬ ಧ್ವನಿಯೂ ತಣ್ಣಗಾದದ್ದು ಎಂಬ ಧ್ವನಿಯೂ ಒಟ್ಟಿಗೇ ಕಿವಿಗೆ ಬೀಳುತ್ತವೆ. ಉರ್ದುವಿನಲ್ಲಿ ಇದಕ್ಕೆ ಬಾಸಿ ಎನ್ನುತ್ತೇವೆ. ಬಾಸಿ ರೊಟ್ಟಿ, ಬಾಸಿ ಸಾಲನ್; ಹಬ್ಬದ ಮರುದಿನವನ್ನೂ ಬಿಡದೆ ಬಾಸಿ ಈದ್ ಎಂದು ಕರೆದವರು ನಾವು. ಎರಡೂ ಭಾಷೆಗಳಲ್ಲಿ ಈ ಮಾತಿಗೆ ತುಸು ತಾತ್ಸಾರ ಅಂಟಿಕೊಂಡಿದೆ. ಬಿಸಿಬಿಸಿಯಾದದ್ದು ಮನೆಯ ಯಜಮಾನನಿಗೆ, ತಂಗಳು ಮನೆಗೆಲಸದವಳಿಗೆ ಎಂಬ ಅಲಿಖಿತ ಕಾನೂನು ಎಷ್ಟು ಮನೆಗಳಲ್ಲಿ ನಡೆದು ಬಂದಿದೆಯೆಂಬುದನ್ನು ಓದುಗರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಭಟ್ಟಿಯಲ್ಲಿ ಬೇಯಿಸಿದ ಬ್ರೆಡ್ಡು, ಬನ್ನು, ಕೇಕುಗಳನ್ನು ಮನುಷ್ಯ ನಾಳೆಗೆ ಹೇಗೆ ಉಳಿಸಿಕೊಂಡ ಎಂಬುದು ಮೇಲುನೋಟಕ್ಕೆ ಅಡುಗೆಮನೆಯ ವಿಷಯ. ಆದರೆ ಅದರ ಚರಿತ್ರೆಯನ್ನು ಕೆದಕುತ್ತಾ ಹೋದರೆ ಪಾರ್ಲಿಮೆಂಟು, ಸುಪ್ರೀಂ ಕೋರ್ಟು, ಒಂದು ಕ್ರಾಂತಿ, ಎರಡು ಯುದ್ಧಗಳು ಎದುರಾಗುತ್ತವೆ. ಕಾರಣ ಸರಳವಾಗಿದೆ. ಬೆಳಗ್ಗೆ ಆರು ಗಂಟೆಗೆ ನಮ್ಮ ಕೈಗೆ ಬಿಸಿ ಬ್ರೆಡ್ಡು ಬರಬೇಕಾದರೆ ಯಾರೋ ಒಬ್ಬ ನಡುರಾತ್ರಿಯಿಂದ ಎಚ್ಚರವಾಗಿರಬೇಕು. ಬ್ರೆಡ್ಡು ಒಂದು ದಿನ ಹೆಚ್ಚು ತಾಳಿದರೆ ಅವನು ಆ ರಾತ್ರಿ ಮಲಗಬಹುದು.

ಉಳಿಸುವ ಅತಿ ಹಳೆಯ ಉಪಾಯ ಒಣಗಿಸುವುದು. ಬಿಸ್ಕತ್ತು ಎಂಬ ಪದದ ಮೂಲಾರ್ಥವೇ ಎರಡು ಸಲ ಬೇಯಿಸಿದ್ದು ಎಂದು. ಜರ್ಮನರ ಜ್ವೀಬಾಕ್ ಎಂಬ ಪದಕ್ಕೂ ಅದೇ ಅರ್ಥ. ಅರಬರ ಬಕ್ಸಿಮಾತ್, ತುರ್ಕರ ಪೆಕ್ಸಿಮೆತ್ ಇದೇ ಜಾತಿಯವು. ಹಜ್ ಯಾತ್ರೆಯ ಒಂಟೆ ಸಾಲುಗಳಲ್ಲೂ ಉಸ್ಮಾನಿ ನೌಕಾಪಡೆಯ ಹಡಗುಗಳಲ್ಲೂ ಹೊಟ್ಟೆ ತುಂಬಿಸಿದ್ದು ಈ ಗಟ್ಟಿ ತುಂಡುಗಳೇ. ನೀರಿನಲ್ಲೋ ಸಾರಿನಲ್ಲೋ ಅದ್ದದೆ ಹಲ್ಲಿಗೆ ಬಗ್ಗುತ್ತಿರಲಿಲ್ಲ. ನಮ್ಮ ಉತ್ತರ ಕರ್ನಾಟಕದ ಹೆಣ್ಣುಮಕ್ಕಳು ಭಟ್ಟಿಯನ್ನೇ ಕಾಣದೆ, ಬರೀ ಹಂಚಿನ ಮೇಲೆ, ಇದೇ ವಿದ್ಯೆಯನ್ನು ಸಾಧಿಸಿದ್ದಾರೆ. ಜೋಳದ ಕಟಕ ರೊಟ್ಟಿ ವಾರಗಟ್ಟಲೆ ಕೆಡುವುದಿಲ್ಲ. ನೀರು ಇಲ್ಲದ ಕಡೆ ಬೂಷ್ಟು ಬೆಳೆಯಲಾರದು ಎಂಬುದಷ್ಟೇ ಅದರ ಗುಟ್ಟು.

ಸೂರತ್ತಿನ ಬೇಕರಿ ಮನೆತನವೊಂದರ ಕಥೆ ಇಲ್ಲಿ ನೆನಪಾಗುತ್ತದೆ. ಡಚ್ಚರು ಅಲ್ಲಿಂದ ಗಂಟುಮೂಟೆ ಕಟ್ಟುವಾಗ ತಮ್ಮ ಭಟ್ಟಿಯನ್ನು ಫರಾಮ್‌ಜಿ ಪೆಸ್ತೊಂಜಿ ದೋಟಿವಾಲಾ ಎಂಬ ಪಾರ್ಸಿಗೆ ಒಪ್ಪಿಸಿ ಹೋದರಂತೆ. ಬ್ರೆಡ್ಡು ತಿನ್ನುತ್ತಿದ್ದ ಪರಂಗಿಗಳ ಸಂಖ್ಯೆ ಕಡಿಮೆಯಾಗುತ್ತಾ ಬಂದಂತೆ ಅಂಗಡಿಯಲ್ಲಿ ಮಾಲು ಉಳಿಯತೊಡಗಿತು. ಉಳಿದು ಒಣಗಿದ ಬ್ರೆಡ್ಡನ್ನು ಅಗ್ಗಕ್ಕೆ ಮಾರಿದರೆ ಊರಿನವರಿಗೆ ಅದೇ ಹೆಚ್ಚು ರುಚಿಸಿತು. ಆಮೇಲೆ ಬೇಕೆಂದೇ ಒಣಗಿಸಿ ಮಾರಿದರು, ಅದಕ್ಕೆ ತುಪ್ಪ ಬೆರೆಸಿದರು. ಸೂರತ್ತಿನ ಬಟಾಸಾ ಬಿಸ್ಕತ್ತು ಹುಟ್ಟಿದ್ದು ಹೀಗೆ ಎನ್ನುತ್ತಾರೆ. ಮನೆತನದ ಕಥೆಗಳಲ್ಲಿ ಉಪ್ಪುಖಾರ ಸೇರಿರುತ್ತದೆ, ಇರಲಿ. ಚಹಾದ ಜೊತೆ ನಾವು ಅದ್ದಿ ತಿನ್ನುವ ರಸ್ಕು ಕೂಡ ಬೇಕರಿಯವನ ಲೆಕ್ಕದಲ್ಲಿ ಒಂದು ಕಾಲಕ್ಕೆ ಮಾರಾಟವಾಗದ ಬ್ರೆಡ್ಡಿನ ಎರಡನೇ ಜನ್ಮವೇ.

ಬಾಸಿ ಬ್ರೆಡ್ಡಿಗೆ ದಸ್ತರಖಾನಿನ ಮೇಲೆ ಗೌರವದ ಸ್ಥಾನ ಕೊಟ್ಟವರೂ ಇದ್ದಾರೆ. ಸಾರಿನಲ್ಲಿ ರೊಟ್ಟಿ ಮುರಿದು ಹಾಕುವ ಥರೀದ್ ಅರಬರಿಗೆ ಬಹಳ ಪ್ರಿಯವಾದದ್ದು, ಹದೀಸಿನಲ್ಲೂ ಅದರ ಉಲ್ಲೇಖವಿದೆ. ಹೈದರಾಬಾದು, ಬೀದರ, ಕಲಬುರಗಿಗಳ ಮದುವೆ ಊಟದಲ್ಲಿ ಡಬಲ್ ಕಾ ಮೀಠಾ ಇಲ್ಲದಿದ್ದರೆ ಬೀಗರು ಮುಖ ಗಂಟಿಕ್ಕುತ್ತಾರೆ. ಡಬಲ್ ರೊಟ್ಟಿ ಎಂದರೆ ಬ್ರೆಡ್ಡು. ಅದರ ತುಂಡುಗಳನ್ನು ತುಪ್ಪದಲ್ಲಿ ಕರಿದು ಹಾಲು ಸಕ್ಕರೆಗಳಲ್ಲಿ ನೆನೆಸುತ್ತಾರೆ. ಇದಕ್ಕೆ ತಾಜಾ ಬ್ರೆಡ್ಡು ಒಗ್ಗುವುದಿಲ್ಲ, ಹಾಲು ಬಿದ್ದ ಕೂಡಲೇ ಗಂಜಿಯಾಗುತ್ತದೆ. ನಿನ್ನೆಯದಾದರೆ ಒಳಗೆ ಬಿಗಿಯಿರುತ್ತದೆ, ಹಾಲು ಕುಡಿದರೂ ಆಕಾರ ಬಿಡುವುದಿಲ್ಲ. ನಮ್ಮ ಬಾವರ್ಚಿಗಳಿಗೆ ಇದು ಕೈಯಿಂದ ಗೊತ್ತಿತ್ತು. ಆ ಬಿಗಿ ಬರುವುದು ಎಲ್ಲಿಂದ ಎಂಬ ಪ್ರಶ್ನೆಗೆ ಉತ್ತರ ಸಿಗಲು ಮಾತ್ರ ಬಹಳ ಕಾಲ ಬೇಕಾಯಿತು.

ಒಣಗಿ ಗಟ್ಟಿಯಾಗುತ್ತದೆ ಎಂದೇ ಎಲ್ಲರೂ ತಿಳಿದಿದ್ದರು. ಫ್ರಾನ್ಸಿನ ಜಾನ್ ಬಾಪ್ಟಿಸ್ಟ್ ಬುಸಿಂಗೋ ಎಂಬ ರಸಾಯನ ವಿಜ್ಞಾನಿ 1852ರಲ್ಲಿ ಈ ತಿಳಿವಳಿಕೆಯನ್ನು ತಲೆಕೆಳಗು ಮಾಡಿದ. ನೀರಿನಂಶ ಹೊರಹೋಗದಂತೆ ಮುಚ್ಚಿಟ್ಟ ಬ್ರೆಡ್ಡು ಕೂಡ ತಂಗಳಾಗುತ್ತದೆ ಎಂದು ತೋರಿಸಿದ. ಹಲವು ದಿನಗಳ ಹಳೆಯ ಬ್ರೆಡ್ಡನ್ನು ಮತ್ತೆ ಒಲೆಗಿಟ್ಟ. ಅದು ಇನ್ನಷ್ಟು ನೀರು ಕಳೆದುಕೊಂಡಿತು, ಆದರೂ ತಾಜಾ ಬ್ರೆಡ್ಡಿನಂತೆ ಮೆತ್ತಗಾಯಿತು. ಒಣಗುವುದೇ ಕಾರಣವಾಗಿದ್ದರೆ ಇದು ಸಾಧ್ಯವೇ? ಒಳಗೆ ಬೇರೇನೋ ನಡೆಯುತ್ತಿದೆ ಎಂಬುದು ಸ್ಪಷ್ಟವಾಯಿತು.

ಇಂದು ನಮಗೆ ಗೊತ್ತಿರುವಂತೆ ಅದು ಪಿಷ್ಟದ ಆಟ. ಹಿಟ್ಟಿನಲ್ಲಿರುವ ಪಿಷ್ಟದ ಕಣಗಳು ಭಟ್ಟಿಯ ಬಿಸಿಗೆ ನೀರು ಹೀರಿ ಉಬ್ಬುತ್ತವೆ, ಅವುಗಳ ಒಳಗಿನ ಕಟ್ಟುನಿಟ್ಟಿನ ಜೋಡಣೆ ಸಡಿಲವಾಗುತ್ತದೆ. ಬ್ರೆಡ್ಡು ಆರುತ್ತಾ ಹೋದಂತೆ ಅದೇ ಪಿಷ್ಟದ ಎಳೆಗಳು ನಿಧಾನವಾಗಿ ಮತ್ತೆ ಸಾಲುಗಟ್ಟಿ ಹರಳಾಗುತ್ತವೆ. ಜಾತ್ರೆಯಲ್ಲಿ ಚೆದುರಿದ್ದ ಸಿಪಾಯಿಗಳು ಸೀಟಿ ಕೇಳಿ ಕವಾಯತಿಗೆ ನಿಂತ ಹಾಗೆ. ಬಿಸಿ ಮಾಡಿದರೆ, ಸುಮಾರು 60 ಡಿಗ್ರಿ ದಾಟಿದ ಮೇಲೆ, ಸಾಲು ಮತ್ತೆ ಮುರಿಯುತ್ತದೆ. ಅದಕ್ಕೇ ನಿನ್ನೆಯ ಬನ್ನು ತವೆಯ ಮೇಲೆ ಒಂದು ಗಳಿಗೆ ಮೃದುವಾಗುವುದು, ಆರಿದ ಮೇಲೆ ಮೊದಲಿಗಿಂತ ಬೇಗ ಬಿರುಸಾಗುವುದು.

ಇಲ್ಲಿ ಗೃಹಿಣಿಯರನ್ನು ಅಚ್ಚರಿಗೊಳಿಸುವ ಒಂದು ಸಂಗತಿಯಿದೆ. ಪಿಷ್ಟ ಹರಳುಗಟ್ಟುವ ಕೆಲಸ ಅತ್ಯಂತ ಚುರುಕಾಗಿ ನಡೆಯುವುದು ಹೆಪ್ಪುಗಟ್ಟುವ ಬಿಂದುವಿಗೆ ಸಮೀಪದ ತಂಪಿನಲ್ಲಿ. ಅಂದರೆ ಫ್ರಿಜ್ಜಿನ ಕೆಳಗಿನ ಅರೆಗಳಲ್ಲಿ. ಅಲ್ಲಿಟ್ಟ ಬ್ರೆಡ್ಡಿಗೆ ಬೂಷ್ಟು ಬೇಗ ಹಿಡಿಯದು, ನಿಜ. ಆದರೆ ಮೇಜಿನ ಮೇಲಿಟ್ಟದ್ದಕ್ಕಿಂತ ಬೇಗ ತಂಗಳಾಗುತ್ತದೆ. ತಂಗಳು ಪೆಟ್ಟಿಗೆ ಎಂದು ಹೆಸರಿಟ್ಟ ಪುಣ್ಯಾತ್ಮನಿಗೆ ಈ ರಸಾಯನಶಾಸ್ತ್ರ ಗೊತ್ತಿರಲಿಕ್ಕಿಲ್ಲ, ಹೆಸರು ಮಾತ್ರ ಕರಾರುವಾಕ್ಕಾಗಿದೆ. ಅದೇ ಬ್ರೆಡ್ಡನ್ನು ಮೇಲಿನ ಫ್ರೀಜರಿನಲ್ಲಿ, ಮೈನಸ್ 18 ಡಿಗ್ರಿಯಲ್ಲಿ ಇಟ್ಟರೆ ನೀರು ಗಟ್ಟಿಯಾಗಿ, ಎಳೆಗಳು ಅಲುಗಾಡಲು ಜಾಗವಿಲ್ಲದೆ, ಕಾಲ ನಿಂತುಬಿಟ್ಟಂತಾಗುತ್ತದೆ.

ಈ ಪ್ರಶ್ನೆಯ ಉತ್ತರ ಯಾರಿಗೆ ತುರ್ತಾಗಿ ಬೇಕಾಗಿತ್ತು? ರುಚಿಯ ಪಂಡಿತರಿಗಲ್ಲ, ಬೇಕರಿ ಕೂಲಿಗಳಿಗೆ.

1862ರಲ್ಲಿ ಬ್ರಿಟಿಷ್ ಪಾರ್ಲಿಮೆಂಟಿನ ಮುಂದೆ ಟ್ರೆಮನ್‌ಹೀರ್ ಎಂಬ ಅಧಿಕಾರಿ ಬೇಕರಿ ಕಾರ್ಮಿಕರ ದೂರುಗಳ ಬಗ್ಗೆ ಒಂದು ವರದಿ ಮಂಡಿಸಿದ. ಲಂಡನ್ನಿನ ಬೇಕರಿ ಆಳಿನ ಕೆಲಸ ರಾತ್ರಿ ಸುಮಾರು ಹನ್ನೊಂದಕ್ಕೆ ಶುರುವಾಗುತ್ತಿತ್ತು. ಹಿಟ್ಟು ಕಲಸಿ, ಅದು ಹುಳಿಯುವಷ್ಟು ಹೊತ್ತು, ಅದೇ ಹಿಟ್ಟಿನ ತೊಟ್ಟಿಯ ಮುಚ್ಚಳದ ಮೇಲೆ ಗೋಣಿಚೀಲ ಹಾಸಿ ಒಂದೆರಡು ತಾಸು ಕಣ್ಣು ಮುಚ್ಚುತ್ತಿದ್ದ. ಆಮೇಲೆ ಬೆಳಗಿನವರೆಗೆ ಭಟ್ಟಿ, ಬೆಳಗಾದರೆ ಬುಟ್ಟಿ ಹೊತ್ತು ಮನೆಮನೆಗೆ. ಹೆಚ್ಚಿನ ಬೇಕರಿಗಳು ನೆಲಮಾಳಿಗೆಯಲ್ಲಿದ್ದವು. ಗಾಳಿಯಿಲ್ಲ, ಚರಂಡಿ ಪಕ್ಕದಲ್ಲೇ. ಹಿಟ್ಟಿನಲ್ಲಿ ಬೆವರು, ಜೇಡರ ಬಲೆ, ಜಿರಲೆ ಬೆರೆಯುತ್ತಿದ್ದವೆಂದು ಓದಿದಾಗ ಲಂಡನ್ನಿನ ಮಹನೀಯರಿಗೆ ವಾಕರಿಕೆ ಬಂತು. ಅವರಿಗೆ ಬೇಸರವಾದದ್ದು ಬೆವರಿನ ಬಗ್ಗೆ, ಬೆವರಿದವನ ಬಗ್ಗೆ ಅಷ್ಟಾಗಿ ಅಲ್ಲ. ಕಾರ್ಲ್ ಮಾರ್ಕ್ಸ್ 1867ರಲ್ಲಿ ಹೊರತಂದ ತನ್ನ 'ಬಂಡವಾಳ' ಗ್ರಂಥದಲ್ಲಿ ಈ ವರದಿಯನ್ನು ಧಾರಾಳವಾಗಿ ಬಳಸಿಕೊಂಡ. ಲಂಡನ್ನಿನ ಬೇಕರಿ ಆಳುಗಳು 42 ವರ್ಷ ಮುಟ್ಟುವುದೇ ಅಪರೂಪ ಎಂದೂ ಬರೆದ. 1863ರಲ್ಲಿ ಒಂದು ಕಾನೂನು ಬಂತು. ಅದು 18ಕ್ಕಿಂತ ಕಿರಿಯ ಹುಡುಗರನ್ನು ರಾತ್ರಿ ಒಂಬತ್ತರಿಂದ ಬೆಳಗ್ಗೆ ಐದರವರೆಗೆ ದುಡಿಸಬಾರದೆಂದಿತು, ಹಿರಿಯರ ರಾತ್ರಿಯ ಬಗ್ಗೆ ಸುಮ್ಮನಾಯಿತು.

ಎಂಟು ವರ್ಷಗಳ ನಂತರ ಪ್ಯಾರಿಸ್ಸಿನಲ್ಲಿ ಬೇರೆಯೇ ಗಾಳಿ ಬೀಸಿತು. 1871ರ ವಸಂತದಲ್ಲಿ ಎರಡು ತಿಂಗಳಷ್ಟೇ ಬಾಳಿದ ಪ್ಯಾರಿಸ್ ಕಮ್ಯೂನ್ ಏಪ್ರಿಲ್ 20ರಂದು ಬೇಕರಿಗಳಲ್ಲಿ ರಾತ್ರಿ ಕೆಲಸವನ್ನು ನಿಷೇಧಿಸುವ ಆಜ್ಞೆ ಹೊರಡಿಸಿತು. ಮಾಲೀಕರು ಗೊಣಗಿದರು: ಬೆಳಗಿನ ಹೊತ್ತು ಜನರಿಗೆ ಬಿಸಿ ಬ್ರೆಡ್ಡು ಸಿಗುವುದಿಲ್ಲವಲ್ಲ! ಕಾರ್ಮಿಕ ಆಯೋಗದ ಹೊಣೆ ಹೊತ್ತಿದ್ದ ಹಂಗೇರಿಯ ಲಿಯೋ ಫ್ರಾಂಕೆಲ್ ಜಗ್ಗಲಿಲ್ಲ. ಕಮ್ಯೂನ್ ಹೊರಡಿಸಿದ ಆಜ್ಞೆಗಳಲ್ಲಿ ನಿಜವಾದ ಸಮಾಜವಾದಿ ಆಜ್ಞೆಯೆಂದರೆ ಇದೊಂದೇ ಎಂಬುದು ಅವನ ಅಭಿಪ್ರಾಯವಾಗಿತ್ತು. ಬೇಕರಿ ಕಾರ್ಮಿಕರು ಮೆರವಣಿಗೆಯಲ್ಲಿ ಪುರಭವನಕ್ಕೆ ಹೋಗಿ ಕೃತಜ್ಞತೆ ಹೇಳಿ ಬಂದರು. ಮೇ ತಿಂಗಳ ಕೊನೆಯಲ್ಲಿ ಸೈನ್ಯ ನುಗ್ಗಿತು, ಸಾವಿರಾರು ಜನ ಸತ್ತರು. ಭಟ್ಟಿಗಳು ಮತ್ತೆ ನಡುರಾತ್ರಿಗೆ ಉರಿಯತೊಡಗಿದವು.

ಅಮೆರಿಕದ ಕಥೆ ಇನ್ನೂ ವಿಚಿತ್ರ. ನ್ಯೂಯಾರ್ಕ್ ರಾಜ್ಯ 1895ರಲ್ಲಿ ಬೇಕರಿ ಕೆಲಸವನ್ನು ದಿನಕ್ಕೆ 10 ಗಂಟೆ, ವಾರಕ್ಕೆ 60 ಗಂಟೆಗೆ ಮಿತಿಗೊಳಿಸಿತು. ಯೂಟಿಕಾ ಎಂಬ ಊರಿನ ಬೇಕರಿ ಮಾಲೀಕ ಜೋಸೆಫ್ ಲಾಕ್ನರ್ ಇದನ್ನು ಪ್ರಶ್ನಿಸಿ ಸುಪ್ರೀಂ ಕೋರ್ಟಿನವರೆಗೆ ಹೋದ. 1905ರಲ್ಲಿ ಐದು ನ್ಯಾಯಮೂರ್ತಿಗಳು ಒಂದು ಕಡೆ, ನಾಲ್ವರು ಇನ್ನೊಂದು ಕಡೆ ನಿಂತರು. ಬಹುಮತದ ತೀರ್ಪಿನ ಪ್ರಕಾರ ಎಷ್ಟು ಹೊತ್ತು ದುಡಿಯಬೇಕೆಂದು ಧಣಿಯ ಜೊತೆ ಕರಾರು ಮಾಡಿಕೊಳ್ಳುವುದು ಕಾರ್ಮಿಕನ ಸ್ವಾತಂತ್ರ್ಯ; ಅದನ್ನು ಸರ್ಕಾರ ಕಿತ್ತುಕೊಳ್ಳುವಂತಿಲ್ಲ. ನೆಲಮಾಳಿಗೆಯಲ್ಲಿ ಹಿಟ್ಟಿನ ಧೂಳು ಕುಡಿದು ಕೆಮ್ಮುತ್ತಿದ್ದವನಿಗೆ ಇಂಥದ್ದೊಂದು ಸ್ವಾತಂತ್ರ್ಯ ತನಗಿದೆಯೆಂದು ಆ ದಿನವೇ ತಿಳಿದಿರಬೇಕು.

ಹಾಗೆಂದು ಸರ್ಕಾರಗಳು ಜನರ ಬಾಯಿಗೆ ತಂಗಳು ಬ್ರೆಡ್ಡು ತುರುಕಿದ್ದೇ ಇಲ್ಲವೆಂದಲ್ಲ. ಅದು ಕೂಲಿಯವನಿಗಾಗಿ ಅಲ್ಲ, ಗೋಧಿಗಾಗಿ. ನೆಪೋಲಿಯನ್ನನ ಕಾಲದ ಅಭಾವದಲ್ಲಿ, 1801ರಲ್ಲಿ, ಬ್ರಿಟನ್ನು ಬೆಂದು 24 ಗಂಟೆ ಕಳೆಯದ ಬ್ರೆಡ್ಡನ್ನು ಮಾರಬಾರದೆಂದು ಕಾನೂನು ಮಾಡಿತು. ಬಿಸಿಯಿದ್ದರೆ ಜನ ಹೆಚ್ಚು ತಿನ್ನುತ್ತಾರೆ ಎಂಬುದು ಲೆಕ್ಕಾಚಾರ. ಮೊದಲ ಮಹಾಯುದ್ಧದಲ್ಲಿ, 1917ರಲ್ಲಿ, ಅದೇ ಬ್ರಿಟನ್ನು 12 ಗಂಟೆಗಳ ನಿಯಮ ತಂದಿತು. ಜರ್ಮನಿ 1915ರಲ್ಲೇ ಹಿಟ್ಟು ಉಳಿಸಲೆಂದು ರಾತ್ರಿ ಬೇಯಿಸುವುದನ್ನು ನಿಲ್ಲಿಸಿತ್ತು. ಅರ್ಧ ಶತಮಾನದ ಮನವಿಗಳಿಗೆ ಕಿವಿಗೊಡದವರು ಯುದ್ಧ ಬಂದಾಗ ಒಂದೇ ಆಜ್ಞೆಯಲ್ಲಿ ಮಾಡಿ ತೋರಿಸಿದರು. ಬೆಳಗಿನ ಬಿಸಿ ಬ್ರೆಡ್ಡಿಲ್ಲದೆ ಯಾರೂ ಸಾಯಲಿಲ್ಲ.

ಹೆಚ್ಚುಕಡಿಮೆ ಇದೇ ಕಾಲದಲ್ಲಿ ನೆದರ್ಲೆಂಡ್ಸಿನಲ್ಲಿ ಯೋಹಾನ್ ರುಡಾಲ್ಫ್ ಕಾಟ್ಜ್ ಎಂಬ ವಿಜ್ಞಾನಿ ಈ ಎರಡು ಎಳೆಗಳನ್ನು ಒಂದು ಮಾಡಿದ. ಬೇಕರಿಗಳ ರಾತ್ರಿ ಕೆಲಸ ನಿಲ್ಲಿಸಬೇಕೆಂಬ ಚರ್ಚೆ ಆ ದೇಶದಲ್ಲಿ ಜೋರಾಗಿ ನಡೆದಿತ್ತು. ಹಗಲು ಬೇಯಿಸಿದ ಬ್ರೆಡ್ಡು ಮರುದಿನ ಬೆಳಗಿನವರೆಗೆ ತಾಜಾ ಇರುವುದಾದರೆ ಜಗಳವೇ ಮುಗಿಯಿತಲ್ಲ! ಕಾಟ್ಜ್ ಬ್ರೆಡ್ಡನ್ನು ಬೇರೆ ಬೇರೆ ಉಷ್ಣತೆಗಳಲ್ಲಿ ಇಟ್ಟು ನೋಡಿದ. 60 ಡಿಗ್ರಿಯ ಆಸುಪಾಸಿನ ಬಿಸಿಯಲ್ಲಿಟ್ಟ ಬ್ರೆಡ್ಡಿನ ತಿರುಳು ತಂಗಳಾಗಲಿಲ್ಲ. ತಂಪು ಹೆಚ್ಚಿದಂತೆ ಬೇಗ ಬೇಗ ತಂಗಳಾಯಿತು. ಹೆಪ್ಪುಗಟ್ಟುವ ಬಿಂದುವಿನಿಂದ ಬಹಳ ಕೆಳಗಿಳಿಸಿದಾಗ ಮತ್ತೆ ತಾಜಾ ಉಳಿಯಿತು. ಬಿಸಿಯಲ್ಲಿಡುವುದಕ್ಕೆ ತೊಡಕುಗಳಿದ್ದವು. ಒಳಗಿನ ತೇವ ಹೊರಪದರಕ್ಕೆ ಬಂದು ಗರಿಗರಿ ಹೋಗುತ್ತದೆ, ಬೆಚ್ಚಗಿನ ತೇವದಲ್ಲಿ ಸೂಕ್ಷ್ಮಜೀವಿಗಳು ಹಬ್ಬ ಮಾಡುತ್ತವೆ. ಗಾಢ ತಂಪಿಗೆ ಬೇಕಾದ ಯಂತ್ರ ಆಗಿನ ಬೇಕರಿಗಳಲ್ಲಿ ಇರಲಿಲ್ಲ. ಮುಂದೆ ಈ ಕಾಟ್ಜ್ ಕ್ಷಕಿರಣಗಳ ಮೂಲಕ ಪಿಷ್ಟದ ಹರಳುಗಳನ್ನೂ ಎಳೆದ ರಬ್ಬರಿನ ರಚನೆಯನ್ನೂ ಅಭ್ಯಸಿಸಿ ವಿಜ್ಞಾನದ ಚರಿತ್ರೆಯಲ್ಲಿ ಹೆಸರು ಪಡೆದ. ನಮಗೆ ಮುಖ್ಯವಾಗಿ ಕಾಣುವುದು ಅವನನ್ನು ಪ್ರಯೋಗಾಲಯಕ್ಕೆ ಕರೆತಂದ ಪ್ರಶ್ನೆ. ಫ್ರೀಜರಿನಲ್ಲಿ ಬ್ರೆಡ್ಡು ಇಡುವ ವಿದ್ಯೆಯ ಬೇರಿನಲ್ಲಿ ಇರುವುದು ಕೂಲಿಕಾರನ ನಿದ್ದೆ.

ಕಾನೂನು ವಿಜ್ಞಾನಕ್ಕಾಗಿ ಕಾಯಲಿಲ್ಲ. ಫ್ರಾನ್ಸು 1919ರ ಮಾರ್ಚಿನಲ್ಲಿ ರಾತ್ರಿ ಹತ್ತರಿಂದ ಬೆಳಗಿನ ನಾಲ್ಕರವರೆಗೆ ಬೇಕರಿ ಕೆಲಸವನ್ನು ನಿಷೇಧಿಸಿತು. 1925ರಲ್ಲಿ ಅಂತಾರಾಷ್ಟ್ರೀಯ ಕಾರ್ಮಿಕ ಸಂಸ್ಥೆ ಬೇಕರಿಗಳ ರಾತ್ರಿ ಕೆಲಸದ ಬಗ್ಗೆಯೇ ಒಂದು ಪ್ರತ್ಯೇಕ ಒಡಂಬಡಿಕೆ ಮಾಡಿತು, ಅದರ ಸಂಖ್ಯೆ 20. ಆಳಿಗೆ ಮಾತ್ರವಲ್ಲ, ಮಾಲೀಕನಿಗೂ ಅದು ಅನ್ವಯಿಸುತ್ತಿತ್ತು. ಇಲ್ಲದಿದ್ದರೆ ಒಂಟಿಯಾಗಿ ದುಡಿಯುವ ಸಣ್ಣ ಮಾಲೀಕ ರಾತ್ರಿಯಿಡೀ ಬೇಯಿಸಿ ಪಕ್ಕದವನ ಗಿರಾಕಿಗಳನ್ನು ಸೆಳೆಯುತ್ತಾನೆ ಎಂಬ ಅಂಜಿಕೆ.

ತಂಪಿನ ಯಂತ್ರ ಬಂದದ್ದು ಬೇರೆ ದಾರಿಯಿಂದ, ಮೀನಿನ ಮೂಲಕ. 1912ರ ನಂತರ ಲ್ಯಾಬ್ರಡಾರಿನ ಹಿಮದಲ್ಲಿ ಕೆಲವು ವರ್ಷ ಕಳೆದ ಅಮೆರಿಕದ ಕ್ಲಾರೆನ್ಸ್ ಬರ್ಡ್ಸ್ಐ, ಅಲ್ಲಿನ ಇನುಯಿಟ್ ಜನ ಹಿಡಿದ ಮೀನು ಗಾಳಿಗೊಡ್ಡಿದ ಕ್ಷಣದಲ್ಲೇ ಕಲ್ಲಾಗುವುದನ್ನೂ, ತಿಂಗಳುಗಳ ನಂತರ ಬೇಯಿಸಿದರೂ ತಾಜಾ ಅನ್ನಿಸುವುದನ್ನೂ ಕಂಡ. ಬೇಗ ಹೆಪ್ಪುಗಟ್ಟಿದರೆ ಹಿಮದ ಹರಳುಗಳು ಸಣ್ಣವಾಗುತ್ತವೆ, ಮಾಂಸದ ಕೋಶಗಳನ್ನು ಸೀಳುವುದಿಲ್ಲ. ಆ ಜನ ತಲೆತಲಾಂತರದಿಂದ ಬಲ್ಲ ವಿದ್ಯೆಗೆ ಇವನು ಯಂತ್ರ ಕಟ್ಟಿ ಪೇಟೆಂಟು ಪಡೆದು 1929ರಲ್ಲಿ ಎರಡು ಕೋಟಿ ಇಪ್ಪತ್ತು ಲಕ್ಷ ಡಾಲರಿಗೆ ಮಾರಿದ. ಬ್ರೆಡ್ಡಿಗೂ ಈ ಅವಸರ ಬೇಕು, ಆದರೆ ಬೇರೆ ಕಾರಣಕ್ಕೆ. ನಿಧಾನವಾಗಿ ತಣಿಸಿದರೆ ಅದು ಹೆಪ್ಪುಗಟ್ಟುವ ಮೊದಲು ಆ ಅಪಾಯದ ತಂಪಿನಲ್ಲಿ ಬಹಳ ಹೊತ್ತು ಕಳೆದು ತಂಗಳಾಗಿಯೇ ಕಲ್ಲಾಗುತ್ತದೆ. 1950ರ ದಶಕದಲ್ಲಿ ಷಿಕಾಗೋದ ಚಾರ್ಲ್ಸ್ ಲೂಬಿನ್ ತನ್ನ ಮಗಳು ಸಾರಾ ಲೀಯ ಹೆಸರಿಟ್ಟ ಕೇಕುಗಳನ್ನು ಅಲ್ಯುಮಿನಿಯಂ ತಟ್ಟೆಯಲ್ಲೇ ಬೇಯಿಸಿ, ಅದರಲ್ಲೇ ಹೆಪ್ಪುಗಟ್ಟಿಸಿ, ದೂರದ ರಾಜ್ಯಗಳಿಗೆ ಕಳುಹಿಸತೊಡಗಿದ. ಫ್ಲೋರಿಡಾದ ಜೋ ಗ್ರೆಗರ್ ಎಂಬ ಬೇಕರಿಯವನದು ತಮಾಷೆಯ ಕಥೆ. ಅವನು ಅಗ್ನಿಶಾಮಕ ದಳದ ಸ್ವಯಂಸೇವಕನೂ ಆಗಿದ್ದ. ಬನ್ನು ಅರ್ಧ ಬೆಂದಾಗ ಬೆಂಕಿಯ ಗಂಟೆ ಬಾರಿಸಿತು, ಬನ್ನುಗಳನ್ನು ಹೊರಗೆಳೆದಿಟ್ಟು ಓಡಿದ. ಬಂದು ಮತ್ತೆ ಭಟ್ಟಿಗೆ ಹಾಕಿದರೆ ಹೊಸದರಂತೆಯೇ ಬೆಂದವಂತೆ. ಅರ್ಧ ಬೇಯಿಸಿ ಮಾರುವ ಉದ್ಯಮಕ್ಕೆ 1949ರ ಈ ಪ್ರಸಂಗವನ್ನು ಮೂಲವಾಗಿ ಹೇಳುತ್ತಾರೆ.

ಕೇಕಿನ ಮೇಲಿನ ಐಸಿಂಗನ್ನು ನಾವು ಬರೀ ಶೃಂಗಾರವೆಂದು ತಿಳಿದಿದ್ದೇವೆ. ಹಿಂದೆ ಅದು ಕಾವಲುಗಾರನೂ ಆಗಿತ್ತು. ಇಂಗ್ಲಿಷರ ಮದುವೆಯ ಕೇಕು ಎಂದರೆ ಒಣಹಣ್ಣು ತುಂಬಿದ ಗಟ್ಟಿ ಕೇಕು. ಅದರ ಮೇಲೆ ಬಾದಾಮಿಯ ಹಿಟ್ಟಿನ ಪದರ, ಆಮೇಲೆ ಮೊಟ್ಟೆಯ ಬಿಳಿ ಮತ್ತು ಸಕ್ಕರೆಯ ಗಾರೆ. ಗಾರೆ ಗಟ್ಟಿಯಾದರೆ ಗಾಳಿ ಒಳಹೋಗದು. ಮೇಲಿನ ಅಂತಸ್ತನ್ನು ಮೊದಲ ಮಗುವಿನ ನಾಮಕರಣಕ್ಕೆಂದು ಎತ್ತಿಡುವ ಪದ್ಧತಿ ಬೆಳೆದದ್ದು ಈ ಧೈರ್ಯದಿಂದ. 1840ರ ವಿಕ್ಟೋರಿಯಾ ರಾಣಿಯ ಮದುವೆ ಕೇಕಿನ ಒಂದು ತುಂಡು 2016ರಲ್ಲಿ 1,500 ಪೌಂಡಿಗೆ ಹರಾಜಾಯಿತು, ತಿನ್ನಲು ಅಲ್ಲವೆಂದು ಭಾವಿಸೋಣ. ಇದಕ್ಕೂ ಮೀರಿದ್ದು ಅಂಟಾರ್ಕ್ಟಿಕಾದ ಕೇಪ್ ಅಡೇರಿನ ಗುಡಿಸಲಿನಲ್ಲಿ 2017ರಲ್ಲಿ ಸಿಕ್ಕ ಹಂಟ್ಲಿ ಅಂಡ್ ಪಾಮರ್ಸ್ ಕಂಪನಿಯ ಹಣ್ಣಿನ ಕೇಕು. ಕ್ಯಾಪ್ಟನ್ ಸ್ಕಾಟನ ತಂಡದವರು 1911ರ ಸುಮಾರಿಗೆ ಬಿಟ್ಟುಹೋದದ್ದು. ತಗಡಿನ ಡಬ್ಬ ತುಕ್ಕು ಹಿಡಿದು ಉದುರುತ್ತಿತ್ತು, ಒಳಗಿನ ಕೇಕು ಮಾತ್ರ ನೋಡಲಿಕ್ಕೂ ಮೂಸಲಿಕ್ಕೂ ತಿನ್ನುವ ಹಾಗೇ ಇತ್ತು. ಸಕ್ಕರೆ, ಒಣಹಣ್ಣು, ತುಪ್ಪದಂಥ ಕೊಬ್ಬು, ಮುಚ್ಚಿದ ಡಬ್ಬ, ಹಿಮ: ಉಳಿಸುವ ಎಲ್ಲ ಉಪಾಯಗಳೂ ಒಂದೇ ಕಡೆ ಕೂಡಿಬಿಟ್ಟಿದ್ದವು.

ಈಗಿನ ಕೇಕುಗಳಿಗೆ ಆ ಆಯುಸ್ಸಿಲ್ಲ. ನಮ್ಮ ಮನೆಗಳಲ್ಲೂ ಹೆಣ್ಣುಮಕ್ಕಳು ಕೇಕು ಮಾಡಿ ಮಾರುವುದು ಹೆಚ್ಚಾಗಿರುವುದರಿಂದ ಒಂದೆರಡು ಮಾತು ಹೇಳುವುದು ತಪ್ಪಾಗದು. ಬೆಣ್ಣೆ ಸಕ್ಕರೆ ಕಲಸಿದ ಕ್ರೀಮು ಉಳಿದರೆ ಗಾಳಿಯಾಡದ ಡಬ್ಬದಲ್ಲಿ ಹಾಕಿ ಫ್ರೀಜರಿನಲ್ಲಿಟ್ಟರೆ ಮೂರು ತಿಂಗಳವರೆಗೂ ರುಚಿ ಕೆಡದು. ಬಳಸುವ ಹಿಂದಿನ ರಾತ್ರಿ ಕೆಳಗಿನ ಅರೆಗೆ ಇಳಿಸಿ, ಬೆಳಗ್ಗೆ ಹೊರಗಿಟ್ಟು ಮೆತ್ತಗಾದ ಮೇಲೆ ಮತ್ತೊಮ್ಮೆ ಚೆನ್ನಾಗಿ ಕಡೆಯಬೇಕು. ಮೊಟ್ಟೆಯ ಬಿಳಿಯನ್ನು ಸಕ್ಕರೆ ಪಾಕದೊಂದಿಗೆ ನೊರೆಯೆಬ್ಬಿಸಿದ ಐಸಿಂಗಿಗೆ ಈ ಉಪಾಯ ನಡೆಯದು, ಕರಗುವಾಗ ನೀರು ಬಿಡುತ್ತದೆ. ಕಾರ್ನ್‌ಫ್ಲೋರ್ ಹಾಕಿದ ಕಸ್ಟರ್ಡು ನೀರೊಡೆಯುವುದು ಬ್ರೆಡ್ಡು ತಂಗಳಾಗುವ ಅದೇ ಪಿಷ್ಟದ ಕಾರಣಕ್ಕೆ. ಕೇಕಾಗಲಿ ಬ್ರೆಡ್ಡಾಗಲಿ ಫ್ರೀಜರಿಗೆ ಹೋಗಬೇಕಾದದ್ದು ಬೇಯಿಸಿದ ದಿನವೇ, ಪೂರ್ತಿ ಆರಿದ ಮೇಲೆ, ಎರಡು ಸುತ್ತು ಬಿಗಿಯಾಗಿ ಸುತ್ತಿ. ಮೂರು ದಿನ ಮೇಜಿನ ಮೇಲಿದ್ದು ತಂಗಳಾದದ್ದನ್ನು ಇಟ್ಟರೆ ಫ್ರೀಜರು ತಂಗಳನ್ನೇ ಕಾಪಾಡಿ ಹಿಂತಿರುಗಿಸುತ್ತದೆ. ಕರೆಂಟು ಹೋಗಿ ಪೂರ್ತಿ ಕರಗಿ ಬೆಚ್ಚಗಾದ ಕ್ರೀಮನ್ನು ಮತ್ತೆ ಹೆಪ್ಪುಗಟ್ಟಿಸುವ ಸಾಹಸ ಬೇಡ.

ಅಂತೂ ಕಾಟ್ಜ್ ಹುಡುಕಿದ ತಂಪು ಕೊನೆಗೆ ಎಲ್ಲರ ಕೈಗೆ ಬಂತು. ಈಗ ಬ್ರೆಡ್ಡನ್ನು ಹಗಲಿನಲ್ಲೇ ಅರ್ಧ ಬೇಯಿಸಿ, ಹೆಪ್ಪುಗಟ್ಟಿಸಿ, ಬೆಳಗ್ಗೆ ಅಂಗಡಿಯಲ್ಲಿ ಹತ್ತಿಪ್ಪತ್ತು ನಿಮಿಷ ಬಿಸಿ ಮಾಡಿದರೆ ಸಾಕು. ಬೇಕರಿಯವನು ನೆಮ್ಮದಿಯಾಗಿ ಮಲಗಿದನೇ? ನಡೆದದ್ದು ಬೇರೆ. ಬ್ರಿಟನ್ನಿನಲ್ಲಿ 1954ರಲ್ಲಿ ಬಂದಿದ್ದ ರಾತ್ರಿ ಬೇಕರಿ ಕೆಲಸದ ಕಟ್ಟುಪಾಡು 1986ರಲ್ಲಿ ರದ್ದಾಯಿತು. ಜರ್ಮನಿಯಲ್ಲಿ ಯುದ್ಧಕಾಲದಲ್ಲಿ ಶುರುವಾಗಿ ಒಂದಲ್ಲ ಒಂದು ರೂಪದಲ್ಲಿ ಎಂಬತ್ತು ವರ್ಷ ಉಳಿದಿದ್ದ ನಿಷೇಧ 1996ರಲ್ಲಿ ಹೋಯಿತು. ತಂಪಿನ ಯಂತ್ರಗಳಿಗೆ ಹಾಕಿದ ಬಂಡವಾಳ ಇಪ್ಪತ್ತನಾಲ್ಕು ಗಂಟೆಯೂ ದುಡಿಯಬೇಕಲ್ಲ. ಬೀದಿಯ ಕೊನೆಯ ಭಟ್ಟಿಯಿಂದ ಎದ್ದ ರಾತ್ರಿಪಾಳಿ ಊರಾಚೆಯ ಕಾರ್ಖಾನೆಗೆ ಹೋಗಿ ಕುಳಿತಿತು. ಹಿಂದೆ ಭಟ್ಟಿಯ ಬಿಸಿಯಲ್ಲಿ ಬೆವರುತ್ತಿದ್ದವನು ಈಗ ದಪ್ಪ ಕೋಟು ತೊಟ್ಟು ಶೀತಲ ಗೋದಾಮಿನಲ್ಲಿ ಪೆಟ್ಟಿಗೆ ಎತ್ತುತ್ತಾನೆ. ಸಣ್ಣ ಬೇಕರಿಯವನಿಗೆ ಹಗಲೂ ಹೋಯಿತು, ರಾತ್ರಿಯೂ ಹೋಯಿತು, ಅಂಗಡಿಯೇ ಮುಚ್ಚಿತು.

ಫ್ರೆಂಚರು ಮಾತ್ರ ಇದನ್ನು ಪದದ ಪ್ರಶ್ನೆಯಾಗಿ ಎತ್ತಿಕೊಂಡರು. 1993ರ ಒಂದು ಆಜ್ಞೆಯ ಪ್ರಕಾರ ತಯಾರಿಯ ಯಾವ ಹಂತದಲ್ಲೂ ಹೆಪ್ಪುಗಟ್ಟಿಸಿದ ಬ್ರೆಡ್ಡಿಗೆ 'ಫ್ರೆಂಚ್ ಸಂಪ್ರದಾಯದ ಬ್ರೆಡ್ಡು' ಎನ್ನುವಂತಿಲ್ಲ. 1998ರ ಕಾನೂನು ಇನ್ನೂ ಮುಂದೆ ಹೋಯಿತು: ಹಿಟ್ಟು ಕಲಸುವುದರಿಂದ ಬೇಯಿಸುವವರೆಗೆ ಎಲ್ಲವನ್ನೂ ಅಲ್ಲೇ ಮಾಡದ, ಹೆಪ್ಪುಗಟ್ಟಿದ ಮಾಲು ತರಿಸುವ ಅಂಗಡಿ ತನ್ನನ್ನು ಬುಲಾಂಜ್ರಿ, ಅಂದರೆ ಬೇಕರಿ, ಎಂದು ಕರೆದುಕೊಳ್ಳಬಾರದು. ತಂಪಿನ ವಿರುದ್ಧ ಕಸುಬಿನವನನ್ನು ಕಾಪಾಡುವ ಈ ಕಾನೂನು ಒಂದು ಅರ್ಥದಲ್ಲಿ ಅವನನ್ನು ಮತ್ತೆ ನಸುಕಿನ ಭಟ್ಟಿಯ ಮುಂದೆಯೇ ನಿಲ್ಲಿಸುತ್ತದೆ. ಆದರೆ ಅದು ಅವನ ಸ್ವಂತ ಭಟ್ಟಿ ಎಂಬ ವ್ಯತ್ಯಾಸವನ್ನು ನಾವು ಸಣ್ಣದೆನ್ನಲಾರೆವು.

ಅರೆಬೆಂದು ತಂಪಿನಲ್ಲಿ ಕಾಯುವ ರೊಟ್ಟಿ ರೊಟ್ಟಿಯೇ ಎಂಬ ಪ್ರಶ್ನೆ ನಮ್ಮ ರಾಜ್ಯಕ್ಕೂ ಬಂತು. 2020ರ ಮೇ ತಿಂಗಳಿನಲ್ಲಿ ಕರ್ನಾಟಕದ ಜಿಎಸ್‌ಟಿ ಮುಂಗಡ ತೀರ್ಪು ಪ್ರಾಧಿಕಾರದ ಮುಂದೆ ಬೆಂಗಳೂರಿನ ಒಂದು ಕಂಪನಿಯ ಪೊಟ್ಟಣದ ಪರೋಟಾದ ವಿಷಯ ಬಂದಾಗ, ತಿನ್ನುವ ಮೊದಲು ಮತ್ತೆ ಬಿಸಿ ಮಾಡಬೇಕಾದ ಇದು ಸಾದಾ ರೊಟ್ಟಿ ಚಪಾತಿಗಳ ಗುಂಪಿಗೆ ಸೇರುವುದಿಲ್ಲ, ಹಾಗಾಗಿ 5 ಅಲ್ಲ, 18 ಪ್ರತಿಶತ ತೆರಿಗೆ ಎಂದಿತು. ದೇಶದ ತುಂಬ ನಗೆಯೆದ್ದಿತು. ಪರೋಟಾ ದಕ್ಷಿಣದ್ದು, ರೊಟ್ಟಿ ಉತ್ತರದ್ದು ಎಂಬ ಜಗಳವೂ ಅದರೊಳಗೆ ಸೇರಿಕೊಂಡಿತು. 2025ರ ಸೆಪ್ಟೆಂಬರ್ 22ರಿಂದ ಪರೋಟಾ ಸೇರಿದಂತೆ ಎಲ್ಲ ಭಾರತೀಯ ರೊಟ್ಟಿಗಳ ತೆರಿಗೆ ಸೊನ್ನೆಗಿಳಿಯಿತು. ಐದು ವರ್ಷ ನಡೆದ ಈ ಚರ್ಚೆಯಲ್ಲಿ ಪದರಗಳ ಬಗ್ಗೆ, ಮೈದಾದ ಬಗ್ಗೆ, ಬಿಸಿ ಮಾಡುವ ನಿಮಿಷಗಳ ಬಗ್ಗೆ ಸಾಕಷ್ಟು ಮಾತಾಯಿತು. ಆ ಪರೋಟಾ ಹೊಸೆಯುವ ಕೈಗಳು ಯಾವ ಪಾಳಿಯಲ್ಲಿ ದುಡಿಯುತ್ತವೆ ಎಂದು ಮಾತ್ರ ಯಾರೂ ಕೇಳಿದಂತೆ ಕಾಣಲಿಲ್ಲ.